ಅಳೆದದ್ದು ಪ್ರೋಟೀನನ್ನೋ, ಬಣ್ಣವನ್ನೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಅಂಕಣ ಪ್ರೋಟೀನ್ ಸಂಶೋಧನೆಯ ವಿಧಾನಗಳಿಗೆ ಮೀಸಲು. ಮೈಸೂರು, ಮಂಡ್ಯ ಕಡೆಯ ಕಾಲೇಜು ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು ಮತ್ತು ಸಣ್ಣ ಉದ್ಯಮಿಗಳಿಂದ ಪ್ರಶ್ನೆಗಳು ಬಂದಿವೆ. ರಾಗಿ, ಹುರುಳಿ ಹಿಡಿದು ಕೆಲಸ ಮಾಡುವವರೇ ಹೆಚ್ಚು, ಹಾಗಾಗಿ ಉತ್ತರಗಳೂ ಅವುಗಳ ಸುತ್ತಲೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ನಾಲ್ಕೈದು ಕಾಲೇಜುಗಳವರು ಸೇರಿ ಪ್ರೋಟೀನ್ ವಿಧಾನಗಳ ಬಗ್ಗೆ ಆಸಕ್ತರ ಗುಂಪೊಂದನ್ನು ಕಟ್ಟಿ, ತಿಂಗಳಿಗೊಂದು ಗೋಷ್ಠಿ ನಡೆಸಬೇಕೆಂದಿದ್ದೇವೆ. ಹೊರಗಿನಿಂದ ದೊಡ್ಡವರನ್ನು ಕರೆಸಿದರೆ ಭಾಷಣ ಚೆನ್ನಾಗಿರುತ್ತದೆ, ಆದರೆ ಯಾರಿಗೂ ಕೆಲಸ ಬರುವುದಿಲ್ಲ. ಹೇಗೆ ನಡೆಸಿದರೆ ಪ್ರಯೋಜನ?
— ಜೀವರಸಾಯನ ಅಧ್ಯಾಪಕಿ, ಮಂಡ್ಯ

ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನಲ್ಲಿ ಇಂಥ ವೈಜ್ಞಾನಿಕ ಆಸಕ್ತರ ಗುಂಪುಗಳು ಬಹಳ ಇವೆ. ಬೇರೆ ಬೇರೆ ಸಂಸ್ಥೆಗಳಲ್ಲಿ ಕೆಲಸ ಮಾಡುವವರು ವಿಭಾಗದ ಗಡಿ ಮರೆತು ಒಂದು ವಿಷಯಕ್ಕಾಗಿ ಸೇರುತ್ತಾರೆ. ಅಲ್ಲಿಂದ ನೀವು ತೆಗೆದುಕೊಳ್ಳಬೇಕಾದ್ದು ಅಷ್ಟೇ. ಅವರ ಸಭಾಂಗಣ, ಅವರ ಉಪಕರಣ ನಮಗೆ ಬೇಕಿಲ್ಲ.

ಗೋಷ್ಠಿಯ ವಿಷಯ ಒಂದು ವಿಧಾನವಾಗಿರಲಿ, ಒಂದು ಸಂಶೋಧನೆಯಲ್ಲ. ‘ಹುರುಳಿಯ ಪ್ರೋಟೀನುಗಳು’ ಎಂದು ಇಟ್ಟರೆ ಫಲಿತಾಂಶದ ಭಾಷಣವಾಗುತ್ತದೆ. ‘ಉಪ್ಪಿನಿಂದ ಪ್ರೋಟೀನ್ ಇಳಿಸುವುದು’ (ಗಸಿಯಾಗಿ ತಳಕ್ಕೆ ಕೂರಿಸುವುದು) ಎಂದು ಇಟ್ಟರೆ ಎಷ್ಟು ಉಪ್ಪು, ಎಷ್ಟು ಹೊತ್ತು, ಯಾವಾಗ ಕೈಕೊಡುತ್ತದೆ ಎಂಬ ಮಾತು ತಾನಾಗಿಯೇ ಬರುತ್ತದೆ. ಮಾತನಾಡುವವರಿಗೆ 20 ನಿಮಿಷ ಕೊಡಿ. ಅದರ ನಂತರ ಅರ್ಧ ಗಂಟೆ ಕಚ್ಚಾ ದತ್ತಾಂಶ ನೋಡುವುದಕ್ಕೇ ಇರಲಿ: ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನ ಕತ್ತರಿಸದ ಪೂರ್ತಿ ಚಿತ್ರ, ಬ್ಲ್ಯಾಂಕ್ (ಮಾದರಿ ಹಾಕದ ಕೊಳವೆ) ಕೊಟ್ಟ ಓದು, ಗೊತ್ತಿರುವ ಪ್ರಮಾಣಗಳಿಂದ ಎಳೆದ ಸ್ಟ್ಯಾಂಡರ್ಡ್ ಗೆರೆಯ ಒಂದೊಂದು ಬಿಂದು. ಇವನ್ನು ಎರಡು ದಿನ ಮೊದಲೇ ಎಲ್ಲರಿಗೂ ಕಳಿಸಬೇಕೆಂಬ ನಿಯಮ ಮಾಡಿ. ಚಂದದ ಸ್ಲೈಡುಗಳಲ್ಲಿ ಬ್ಲ್ಯಾಂಕ್ ಎಂದೂ ಕಾಣುವುದಿಲ್ಲ, ತಪ್ಪು ಹೆಚ್ಚಾಗಿ ಅಡಗಿರುವುದು ಅಲ್ಲೇ.

ಪ್ರತಿ ಗೋಷ್ಠಿಯಿಂದ ಒಂದು ಪುಟದ ವಿಧಾನಪತ್ರ ಹೊರಬರಲಿ. ಅದರಲ್ಲಿ ಬಫರ್‌ನ (ಪಿಎಚ್ ಕಾಯುವ ದ್ರಾವಣದ) ಪೂರ್ಣ ವಿವರ, ಪಿಎಚ್ ಹೊಂದಿಸಿದಾಗಿನ ಉಷ್ಣತೆ, ಸೆಂಟ್ರಿಫ್ಯೂಜ್ ವೇಗ (ಸುತ್ತುಗಳಲ್ಲಲ್ಲ, ‘ಜಿ’ ಲೆಕ್ಕದಲ್ಲಿ, ರೋಟರ್ ಬದಲಾದರೆ ಸುತ್ತಿನ ಸಂಖ್ಯೆಗೆ ಅರ್ಥವಿಲ್ಲ), ಎಷ್ಟು ಮೈಕ್ರೋಗ್ರಾಂ ಹಾಕಿದ್ದು, ಎಲ್ಲಿ ಕೆಟ್ಟಿತು ಎಂಬುದೆಲ್ಲ ಇರಲಿ. ಮುಂದಿನ ತಿಂಗಳು ಬೇರೆ ಕಾಲೇಜಿನವರು ಅದೇ ಪತ್ರ ಹಿಡಿದು, ಬರೆದವರನ್ನು ಏನೂ ಕೇಳದೆ ಮಾಡಿ ನೋಡಬೇಕು. ಆಗದಿದ್ದರೆ ಪತ್ರದಲ್ಲಿ ಏನೋ ಬಿಟ್ಟುಹೋಗಿದೆ ಎಂದರ್ಥ.

ಕ್ರಮದ ಮಟ್ಟಿಗೆ ಹೇಳುವುದಾದರೆ, ಮೊದಲು ಸಾರ ತೆಗೆಯುವುದು, ಆಮೇಲೆ ಅಳತೆ, ಜೆಲ್, ಉಪ್ಪು ಮತ್ತು ಡಯಾಲಿಸಿಸ್ (ಸಣ್ಣ ರಂಧ್ರದ ಚೀಲದಲ್ಲಿಟ್ಟು ಉಪ್ಪು ತೆಗೆಯುವುದು), ಕಾಲಮ್ (ಪುಡಿ ತುಂಬಿದ ಕೊಳವೆಯಲ್ಲಿ ಹಾಯಿಸಿ ಬೇರ್ಪಡಿಸುವುದು), ಕಿಣ್ವ ಚಟುವಟಿಕೆ. ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೆಟ್ರಿಯನ್ನು ಮೊದಲ ಗೋಷ್ಠಿಗೆ ಇಡಬೇಡಿ. ಕೇಳಲು ರೋಚಕ, ಆದರೆ ಸಾರವನ್ನೇ ಸರಿಯಾಗಿ ತೆಗೆಯದವರಿಗೆ ಅದರಿಂದ ಉಪಯೋಗವಿಲ್ಲ. ಕಾಲಮ್ ಹಂತಕ್ಕೆ ಬಂದಾಗ ಮಾನಸಗಂಗೋತ್ರಿಯವರನ್ನೋ, 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರನ್ನೋ ಕರೆಯಿರಿ. ಹದಿನೈದು ಜನಕ್ಕಿಂತ ಹೆಚ್ಚಾದರೆ ಪ್ರಶ್ನೆ ಕೇಳುವವರು ಮೂವರೇ ಆಗುತ್ತಾರೆ, ಎರಡು ತಂಡ ಮಾಡಿಕೊಳ್ಳಿ. ಮಾತು ಕನ್ನಡದಲ್ಲೇ ನಡೆಯಲಿ, ಬಫರ್ ಬಫರ್ ಆಗಿಯೇ ಇರಲಿ.

ರಾಗಿ ಹಿಟ್ಟಿನ ಸಾರದಲ್ಲಿ ಪ್ರೋಟೀನ್ ಅಳೆದಾಗ, ಲೌರಿ ವಿಧಾನ ಕೊಡುವ ಸಂಖ್ಯೆ ಬ್ರಾಡ್‌ಫೋರ್ಡ್ ಕೊಡುವ ಸಂಖ್ಯೆಯ ಎರಡು ಪಟ್ಟಿಗೂ ಹೆಚ್ಚಿರುತ್ತದೆ. ಯಾವುದನ್ನು ನಂಬುವುದು?
— ಎಂ.ಎಸ್ಸಿ. ವಿದ್ಯಾರ್ಥಿ, ಮೈಸೂರು

ಎರಡನ್ನೂ ನಂಬಬೇಡಿ. ಎರಡೂ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ, ಬಣ್ಣವನ್ನು ಅಳೆಯುತ್ತವೆ. ರಾಗಿಯಲ್ಲಿ ಒಂದರ ಬಣ್ಣ ಮೇಲಕ್ಕೂ ಇನ್ನೊಂದರ ಬಣ್ಣ ಕೆಳಕ್ಕೂ ಜಾರುತ್ತದೆ, ಆದ್ದರಿಂದಲೇ ಅಂತರ ಅಷ್ಟು ದೊಡ್ಡದು.

1951ರ ಲೌರಿ ವಿಧಾನದಲ್ಲಿ ಕ್ಷಾರದಲ್ಲಿರುವ ತಾಮ್ರ ಪೆಪ್ಟೈಡ್ ಬಂಧಗಳನ್ನು ಹಿಡಿಯುತ್ತದೆ, ಆಮೇಲೆ ಫೋಲಿನ್ ಕಾರಕ ನೀಲಿಯಾಗುತ್ತದೆ. ಪಕ್ಕದ ಬೆಂಚಿನಲ್ಲಿ ಪಾಲಿಫಿನಾಲ್ (ಸಸ್ಯಗಳ ಬಣ್ಣ, ಒಗರಿನ ರಾಸಾಯನಿಕ) ಅಳೆಯುವವರ ಕೈಯಲ್ಲಿರುವುದೂ ಇದೇ ಫೋಲಿನ್ ಬಾಟಲಿ. ಕೆಂಪು ರಾಗಿಯ ಸಿಪ್ಪೆಯಲ್ಲಿ ಪಾಲಿಫಿನಾಲ್ ತುಂಬಿರುವುದರಿಂದ ಅದೂ ನೀಲಿ ಕೊಡುತ್ತದೆ, ನೀವು ಅದನ್ನು ಪ್ರೋಟೀನ್ ಎಂದು ಬರೆದುಕೊಳ್ಳುತ್ತೀರಿ.

1976ರ ಬ್ರಾಡ್‌ಫೋರ್ಡ್ ವಿಧಾನದ ಕೂಮಾಸಿ ಜಿ-250 ಬಣ್ಣ ಮುಖ್ಯವಾಗಿ ಆರ್ಜಿನೈನ್‌ಗೆ, ಸ್ವಲ್ಪ ಮಟ್ಟಿಗೆ ಲೈಸಿನ್‌ನಂಥ ಇತರ ಅಮೈನೋ ಆಮ್ಲಗಳಿಗೆ ಅಂಟುತ್ತದೆ. ರಾಗಿಯ ಪ್ರೋಟೀನಿನಲ್ಲಿ ದೊಡ್ಡ ಪಾಲು ಪ್ರೋಲಮಿನ್, ಅಂದರೆ 70% ಎಥೆನಾಲ್‌ನಲ್ಲಿ ಕರಗುವ ಜಾತಿ. ಅದರಲ್ಲಿ ಈ ಎರಡೂ ಅಮೈನೋ ಆಮ್ಲಗಳು ಕಡಿಮೆ, ಹಾಗಾಗಿ ಓದು ಕೆಳಗಿಳಿಯುತ್ತದೆ. ಅದರ ಮೇಲೆ ಸ್ಟ್ಯಾಂಡರ್ಡ್ ಎಂದು ಎಲ್ಲರೂ ಹಾಕುವ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) ಈ ಬಣ್ಣವನ್ನು ಅತಿಯಾಗಿ ಹಿಡಿಯುತ್ತದೆ. ಅಷ್ಟೇ ತೂಕದ ಗ್ಯಾಮಾ ಗ್ಲಾಬ್ಯುಲಿನ್ ಕೊಡುವುದು ಅದರ ಅರ್ಧದ ಆಸುಪಾಸಿನ ಬಣ್ಣ. ಬಿಎಸ್‌ಎ ಗೆರೆಯಿಂದ ಲೆಕ್ಕ ಹಾಕಿದರೆ ನಿಮ್ಮ ರಾಗಿ ಮತ್ತಷ್ಟು ಬಡವಾಗಿ ಕಾಣುತ್ತದೆ.

ಎಲ್ಲಿ ತಪ್ಪಾಗಿದೆ ಎಂದು ತಿಳಿಯಲು ಮೂರು ಪರೀಕ್ಷೆ ಮಾಡಿ. ಮೊದಲನೆಯದು: ಅದೇ ಸಾರಕ್ಕೆ ತಾಮ್ರ ಹಾಕದೆ ಲೌರಿ ಮಾಡಿ. ತಾಮ್ರವಿಲ್ಲದಿದ್ದರೆ ಪ್ರೋಟೀನಿನ ಬಣ್ಣ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ, ಪಾಲಿಫಿನಾಲ್‌ನದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ನೀಲಿ ಅಷ್ಟಾಗಿ ಕುಗ್ಗದಿದ್ದರೆ ಕಳ್ಳ ಸಿಕ್ಕ. ಎರಡನೆಯದು: 10, 20, 40 ಮೈಕ್ರೋಲೀಟರ್ ಸಾರ ಹಾಕಿ ಓದಿ. ಪರಿಮಾಣ ಇಮ್ಮಡಿಯಾದಾಗ ಉತ್ತರವೂ ಇಮ್ಮಡಿಯಾಗಬೇಕು. ಆಗದಿದ್ದರೆ ಏನೋ ಅಡ್ಡ ಬರುತ್ತಿದೆ. ಮೂರನೆಯದು: ಸಾರಕ್ಕೆ 10 ಮೈಕ್ರೋಗ್ರಾಂ ಬಿಎಸ್‌ಎ ಸೇರಿಸಿ. ಹೆಚ್ಚಳ 9ರಿಂದ 11 ಮೈಕ್ರೋಗ್ರಾಂ ಒಳಗೆ ಬಂದರೆ ಸರಿ, 6 ಬಂದರೆ ನಿಮ್ಮ ಬಫರ್ ಬಣ್ಣವನ್ನು ಕೊಲ್ಲುತ್ತಿದೆ. ಈ ಮೂರನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸಬಹುದು. ಆದರೂ ಪ್ರಬಂಧಗಳಲ್ಲಿ ಇವು ಕಾಣುವುದು ಅಪರೂಪ.

ಇನ್ನು ಪರಿಹಾರ. ಪಾಲಿಫಿನಾಲನ್ನು ಆಮೇಲೆ ತೆಗೆಯುವುದಕ್ಕಿಂತ ಸಾರ ತೆಗೆಯುವಾಗಲೇ ಹಿಡಿಯುವುದು ಸುಲಭ. 1 ಗ್ರಾಂ ನುಣ್ಣಗೆ ಬೀಸಿದ ಹಿಟ್ಟಿಗೆ 10 ಮಿ.ಲೀ. ಬಫರ್, ಅದರಲ್ಲಿ 2% ಕರಗದ ಪಿವಿಪಿಪಿ ಪುಡಿ (ಮೊದಲೇ ಬಫರ್‌ನಲ್ಲಿ ನೆನೆಸಿ ಊದಿಸಿಕೊಂಡದ್ದು). 4 ಡಿಗ್ರಿಯಲ್ಲಿ ಒಂದು ಗಂಟೆ ಕಲಕಿ, 10,000 ಜಿಯಲ್ಲಿ 20 ನಿಮಿಷ ತಿರುಗಿಸಿ. ಪಾಲಿಫಿನಾಲ್ ಪುಡಿಗೆ ಅಂಟಿ ಕೆಳಗೆ ಕೂರುತ್ತದೆ. ಸಾರ ಕಂದು ತಿರುಗುತ್ತಿದ್ದರೆ ಪುಡಿ ಸಾಲಲಿಲ್ಲ. ಬಿಳಿ ರಾಗಿಯಲ್ಲಿ ಪಾಲಿಫಿನಾಲ್ ಬಹಳ ಕಡಿಮೆ, ಅದನ್ನೂ ಜೊತೆಗಿಟ್ಟರೆ ಹೋಲಿಸಲು ಒಳ್ಳೆಯ ನಿಯಂತ್ರಣ ಸಿಗುತ್ತದೆ. ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಬೆಳೆಸಿದ ವಿ.ಸಿ. ಫಾರಂ ಮಂಡ್ಯದಲ್ಲೇ ಇರುವಾಗ, ತಳಿಯ ಹೆಸರು ಗೊತ್ತಿಲ್ಲದ ಅಂಗಡಿ ರಾಗಿ ತಂದು ಪ್ರಬಂಧ ಬರೆಯುವುದು ಯಾಕೋ ತಿಳಿಯದು.

ಲೌರಿಯನ್ನೇ ಮಾಡಬೇಕಿದ್ದರೆ ಪ್ರೋಟೀನನ್ನು 10% ಟಿಸಿಎಯಲ್ಲಿ (ಟ್ರೈಕ್ಲೋರೋ ಅಸಿಟಿಕ್ ಆಮ್ಲ) ಮಂಜುಗಡ್ಡೆ ಮೇಲೆ ಅರ್ಧ ಗಂಟೆ ಇಳಿಸಿ, ತಣ್ಣನೆ ಅಸಿಟೋನಿನಲ್ಲಿ ತೊಳೆದು, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿ. ಸ್ಟ್ಯಾಂಡರ್ಡನ್ನೂ ಅದೇ ದ್ರಾವಣದಲ್ಲಿ ಮಾಡಿ. ಫೋಲಿನ್ ಹಾಕಿದ ಕೂಡಲೇ ಆ ಕೊಳವೆಯನ್ನು ವೋರ್ಟೆಕ್ಸ್ ಮಾಡಬೇಕು. ಕ್ಷಾರದಲ್ಲಿ ಆ ಕಾರಕ ಬೇಗನೆ ಸಾಯುತ್ತದೆ. ಇಪ್ಪತ್ತು ಕೊಳವೆಗೂ ಹಾಕಿ ಆಮೇಲೆ ಒಟ್ಟಿಗೆ ಕಲಕಿದರೆ ಮೊದಲ ಮತ್ತು ಕೊನೆಯ ಕೊಳವೆಗೆ ತಾಳಮೇಳವೇ ಇರುವುದಿಲ್ಲ.

ಬ್ರಾಡ್‌ಫೋರ್ಡ್ ಕಾರಕವನ್ನು ಕೊಳ್ಳುವ ಅಗತ್ಯವಿಲ್ಲ. 100 ಮಿ.ಗ್ರಾಂ. ಜಿ-250 ಬಣ್ಣವನ್ನು 50 ಮಿ.ಲೀ. 95% ಎಥೆನಾಲ್‌ನಲ್ಲಿ ಪೂರ್ತಿ ಕರಗಿಸಿ, 100 ಮಿ.ಲೀ. 85% ಫಾಸ್ಫಾರಿಕ್ ಆಮ್ಲ ಸೇರಿಸಿ, ನೀರಿನಿಂದ 1 ಲೀಟರ್ ಮಾಡಿ, ವಾಟ್‌ಮನ್ 1 ಕಾಗದದಲ್ಲಿ ಸೋಸಿ ಕಂದು ಬಾಟಲಿಯಲ್ಲಿಡಿ. ಆರ್-250 ಕೊಟ್ಟರೆ ತೆಗೆದುಕೊಳ್ಳಬೇಡಿ, ಅದು ಜೆಲ್‌ಗೆ. 100 ಮೈಕ್ರೋಲೀಟರ್ ಮಾದರಿಗೆ 5 ಮಿ.ಲೀ. ಕಾರಕ, 5 ನಿಮಿಷದ ನಂತರ 595 ನ್ಯಾನೋಮೀಟರಿನಲ್ಲಿ ಓದು, ಒಂದು ಗಂಟೆ ದಾಟಬಾರದು. ಫ್ರಿಜ್‌ನಿಂದ ತೆಗೆದ ಕಾರಕ ಕೋಣೆಯ ಉಷ್ಣತೆಗೆ ಬರುವ ತನಕ ಕಾಯಿರಿ. ಕ್ವಾರ್ಟ್ಜ್ ಕುವೆಟ್‌ಗೆ ಈ ಬಣ್ಣ ಅಂಟಿಕೊಳ್ಳುತ್ತದೆ, ಪ್ಲಾಸ್ಟಿಕ್ ಕುವೆಟ್ ಬಳಸಿ. ಗೆರೆ ಮೇಲ್ಗಡೆ ಬಾಗುವುದು ಈ ವಿಧಾನದ ಸ್ವಭಾವ. 595ರ ಓದನ್ನು 450ರ ಓದಿನಿಂದ ಭಾಗಿಸಿ ಗೆರೆ ಎಳೆದರೆ ನೇರವಾಗುತ್ತದೆ. ಸಾರದಲ್ಲಿ ಎಸ್‌ಡಿಎಸ್ (ಪ್ರೋಟೀನ್ ಬಿಡಿಸುವ ಮಾರ್ಜಕ) ಇದ್ದರೆ ಬ್ರಾಡ್‌ಫೋರ್ಡ್ ಬೇಡವೇ ಬೇಡ, ಬಿಸಿಎ ಎಂಬ ಇನ್ನೊಂದು ಬಣ್ಣದ ಪರೀಕ್ಷೆ ಮಾಡಿ. ಮರ್‌ಕ್ಯಾಪ್ಟೋಎಥೆನಾಲ್ ಅಥವಾ ಲೋಹ ಹಿಡಿಯುವ ಇಡಿಟಿಎ ಇದ್ದರೆ ಬಿಸಿಎಯೂ ಸುಳ್ಳು ಹೇಳುತ್ತದೆ.

ರಾಗಿ ಮಾಲ್ಟ್ ಮಾಡಿ ಮಾರುತ್ತೇನೆ. ಒಂದು ಪ್ರಯೋಗಾಲಯ ಪ್ರೋಟೀನ್ 7% ಎಂದಿತು, ಇನ್ನೊಂದು 6.5% ಎಂದಿತು. ಮಾದರಿ ಒಂದೇ ಡಬ್ಬಿಯದು. ಒಬ್ಬರು ತಪ್ಪು ಮಾಡಿದ್ದಾರೆಯೇ?
— ಗೃಹೋದ್ಯಮಿ, ಮದ್ದೂರು

ಇಬ್ಬರೂ ಸರಿಯಾಗಿಯೇ ಮಾಡಿರಬಹುದು. ವರದಿಯಲ್ಲಿ ‘ಗುಣಕ’ ಎಂಬ ಸಾಲು ಇದೆಯೇ ನೋಡಿ. 1883ರಿಂದ ಬಳಕೆಯಲ್ಲಿರುವ ಜೆಲ್ಡಾಲ್ ವಿಧಾನ ಅಳೆಯುವುದು ಸಾರಜನಕವನ್ನು, ಪ್ರೋಟೀನನ್ನಲ್ಲ. ಹಿಟ್ಟನ್ನು ಸಾಂದ್ರ ಗಂಧಕಾಮ್ಲದಲ್ಲಿ ಕುದಿಸಿ, ಹೊರಬರುವ ಅಮೋನಿಯಾವನ್ನು ಬೋರಿಕ್ ಆಮ್ಲದಲ್ಲಿ ಹಿಡಿದು ಟೈಟ್ರೇಟ್ ಮಾಡುತ್ತಾರೆ. 0.1 ನಾರ್ಮಲ್ ಆಮ್ಲದ 1 ಮಿ.ಲೀ. ಅಂದರೆ 1.4 ಮಿ.ಗ್ರಾಂ. ಸಾರಜನಕ. 1 ಗ್ರಾಂ ಹಿಟ್ಟಿಗೆ, ಬ್ಲ್ಯಾಂಕ್ ಕಳೆದು, 8 ಮಿ.ಲೀ. ಬಿದ್ದರೆ 11.2 ಮಿ.ಗ್ರಾಂ., ಅಂದರೆ 1.12% ಸಾರಜನಕ. ಇದನ್ನು 6.25ರಿಂದ ಗುಣಿಸಿದರೆ 7.0%, ಕಿರುಧಾನ್ಯಕ್ಕೆಂದು ಇರುವ 5.83ರಿಂದ ಗುಣಿಸಿದರೆ 6.5%. ಹಾಲಿಗೆ 6.38, ಗೋಧಿ ಹಿಟ್ಟಿಗೆ 5.70, ಕಡಲೆಕಾಯಿಗೆ 5.46. ನಿಮ್ಮ ಮಾಲ್ಟ್‌ಗೆ ಹಾಲಿನ ಪುಡಿ ಬೆರೆಸಿದ್ದರೆ ಯಾವ ಗುಣಕವೂ ಪೂರ್ತಿ ಹೊಂದುವುದಿಲ್ಲ. ಸಾಮಾನ್ಯವಾಗಿ 6.25 ಹಾಕುತ್ತಾರೆ. ಎರಡು ಪ್ಯಾಕೆಟ್ ಹೋಲಿಸುವಾಗ ಗುಣಕ ಒಂದೇ ಇರಲಿ, ತೇವಾಂಶವನ್ನೂ ಕೇಳಿ ಪಡೆಯಿರಿ. 12% ತೇವದ ಹಿಟ್ಟನ್ನೂ ಹುರಿದ ಹಿಟ್ಟನ್ನೂ ಹಾಗೇ ಹೋಲಿಸಲಾಗದು.

ಸಾರಜನಕವನ್ನಷ್ಟೇ ನೋಡುವ ವಿಧಾನಕ್ಕೆ ಮೋಸ ಮಾಡುವುದೂ ಸುಲಭ. 2008ರಲ್ಲಿ ಚೀನಾದ ಹಾಲಿನ ಪುಡಿಯಲ್ಲಿ ಮೆಲಮಿನ್ ಸಿಕ್ಕಿದ್ದು ಇದೇ ಕಾರಣಕ್ಕೆ. ಮೆಲಮಿನ್ ತೂಕದ ಮೂರನೇ ಎರಡು ಭಾಗ ಸಾರಜನಕ, ಅದರ 1 ಗ್ರಾಂ ವರದಿಯಲ್ಲಿ 4 ಗ್ರಾಂಗೂ ಹೆಚ್ಚು ‘ಪ್ರೋಟೀನ್’ ಆಗುತ್ತದೆ. ಹಾಲಿಗೆ ಯೂರಿಯಾ ಬೆರೆಸುವವರ ಲೆಕ್ಕವೂ ಇಂಥದ್ದೇ. ಅನುಮಾನವಿದ್ದರೆ ಟಿಸಿಎಯಿಂದ ಪ್ರೋಟೀನ್ ಇಳಿಸಿ, ಮೇಲಿನ ತಿಳಿಯಲ್ಲಿ ಉಳಿದ ಸಾರಜನಕವನ್ನು ಬೇರೆಯಾಗಿ ಅಳೆಯಲು ಹೇಳಿ.

ಪ್ರೋಟೀನ್ ಇಳಿಸಲು ಬಳಸುವ ಉಪ್ಪು, ಅಮೋನಿಯಂ ಸಲ್ಫೇಟ್, ಶುದ್ಧ ದರ್ಜೆಯದು ದುಬಾರಿ. ಗದ್ದೆಗೆ ಹಾಕುವ ಗೊಬ್ಬರವೂ ಅದೇ ತಾನೇ? ಅದನ್ನೇ ಬಳಸಿದರೆ?
— ಪದವಿ ಕಾಲೇಜು ಅಧ್ಯಾಪಕ, ಪಾಂಡವಪುರ

ಮೊಟ್ಟೆಯ ಬಿಳಿಯಿಂದ ಪ್ರೋಟೀನ್ ಇಳಿಯುವುದನ್ನು ತರಗತಿಗೆ ತೋರಿಸಲು ಸೋಸಿ ಬಳಸಿ, ತೊಂದರೆಯಿಲ್ಲ. ಕಿಣ್ವದ ಕೆಲಸಕ್ಕೆ ಬೇಡ. ಗೊಬ್ಬರದಲ್ಲಿ ಕಬ್ಬಿಣದಂಥ ಲೋಹಗಳ ಅಂಶವೂ ಆಮ್ಲವೂ ಇರುತ್ತವೆ. ಲೀಟರಿಗೆ ನೂರಾರು ಗ್ರಾಂ ಸುರಿಯುವಾಗ ಅತಿ ಸಣ್ಣ ಕಲ್ಮಶವೂ ಕಿಣ್ವವನ್ನು ಕೊಲ್ಲುವಷ್ಟಾಗುತ್ತದೆ.

ಪ್ರಮಾಣದಲ್ಲಿ ಬಹಳ ಜನ ಎಡವುತ್ತಾರೆ. 60% ಪೂರಿತ ಎಂದರೆ 100 ಮಿ.ಲೀ.ಗೆ 60 ಗ್ರಾಂ ಅಲ್ಲ. 0 ಡಿಗ್ರಿಯಲ್ಲಿ 100 ಮಿ.ಲೀ. ಸಾರಕ್ಕೆ 36.1 ಗ್ರಾಂ, 25 ಡಿಗ್ರಿಯಲ್ಲಿ 39 ಗ್ರಾಂ. ಎರಡು ಹಂತದಲ್ಲಿ ಮಾಡುವುದಾದರೆ, 0 ಡಿಗ್ರಿಯ ಲೆಕ್ಕಕ್ಕೆ, 30%ವರೆಗೆ 16.4 ಗ್ರಾಂ, ಆ ತಿಳಿಯನ್ನು 30ರಿಂದ 60%ಗೆ ಏರಿಸಲು ಪ್ರತಿ 100 ಮಿ.ಲೀ.ಗೆ 18.1 ಗ್ರಾಂ. ಪುಡಿ ಮಾಡಿದ ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ 15 ನಿಮಿಷದಲ್ಲಿ ಹಾಕಿ, ನೊರೆ ಬರದಂತೆ ಕಲಕಿ. ನೊರೆಯಲ್ಲಿ ಸಿಕ್ಕ ಪ್ರೋಟೀನ್ ಕೆಡುತ್ತದೆ. ಉಪ್ಪು ಕರಗುತ್ತಾ ಪಿಎಚ್ ಇಳಿಯುತ್ತದೆ, ಅದಕ್ಕೇ ಬಫರ್ ಕನಿಷ್ಠ 50 ಮಿಲಿಮೋಲಾರ್ ಇರಲಿ. ಅರ್ಧ ಗಂಟೆ ಬಿಟ್ಟು ತಿರುಗಿಸಿ.

ಡಯಾಲಿಸಿಸ್ ಚೀಲದಲ್ಲಿ ಮೂರನೇ ಒಂದು ಭಾಗ ಖಾಲಿ ಬಿಡಿ. ಒಳಗಿನ ಉಪ್ಪು ನೀರನ್ನು ಎಳೆದುಕೊಂಡು ಚೀಲ ಬಿಗಿಯುತ್ತದೆ, ತುಂಬಿ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಒಡೆದಿರುತ್ತದೆ. ಹೊರಗಿನ ನೀರನ್ನು ಆಮ್ಲೀಕರಿಸಿ ಒಂದು ಹನಿ ಬೇರಿಯಂ ಕ್ಲೋರೈಡ್ ಹಾಕಿ. ಬಿಳಿ ಬಂದರೆ ಸಲ್ಫೇಟ್ ಇನ್ನೂ ಹೊರಬರುತ್ತಿದೆ.

ಹುರುಳಿಯಿಂದ ಟ್ರಿಪ್ಸಿನ್ ಪ್ರತಿರೋಧಕ (ಜೀರ್ಣಕಿಣ್ವ ಟ್ರಿಪ್ಸಿನ್‌ನನ್ನು ತಡೆಯುವ ಪ್ರೋಟೀನ್) ಶುದ್ಧೀಕರಿಸುತ್ತಿದ್ದೇನೆ. ಡಯಾಲಿಸಿಸ್ ಆದ ಮೇಲೆ ಚಟುವಟಿಕೆ ಬಹುಪಾಲು ಮಾಯ. ಉಳಿದದ್ದು ಜೆಲ್‌ನಲ್ಲಿ 16 ಕಿಲೋಡಾಲ್ಟನ್ (ಅಣುತೂಕದ ಮಾನ) ಬಳಿ ಕಾಣುತ್ತದೆ, ಪುಸ್ತಕಗಳಲ್ಲಿ 8–9 ಎಂದಿದೆ.
— ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಮೊದಲು ಚೀಲದ ಡಬ್ಬಿ ನೋಡಿ. ಸಾಮಾನ್ಯವಾಗಿ ಸಿಗುವ ಚೀಲದ ಮಿತಿ 12–14 ಕಿಲೋಡಾಲ್ಟನ್. ಹುರುಳಿಯ ಬೌಮನ್-ಬರ್ಕ್ ಜಾತಿಯ ಪ್ರತಿರೋಧಕ ಅದಕ್ಕಿಂತ ಚಿಕ್ಕದು, ಹೊರಗಿನ ಬಫರ್‌ಗೆ ಹೋಗಿ ಸಿಂಕ್ ಸೇರಿದೆ. 3.5 ಕಿಲೋಡಾಲ್ಟನ್ ಮಿತಿಯ ಚೀಲ ತನ್ನಿ. ರಾಗಿಯ ಟ್ರಿಪ್ಸಿನ್-ಅಮೈಲೇಸ್ ಪ್ರತಿರೋಧಕ 122 ಅಮೈನೋ ಆಮ್ಲಗಳದ್ದು, ಸುಮಾರು 13 ಕಿಲೋಡಾಲ್ಟನ್. ಅದಕ್ಕೂ ಹಳೇ ಚೀಲ ಅಪಾಯವೇ.

16ರ ಬ್ಯಾಂಡ್‌ಗೆ ಕಾರಣ ಎರಡು. ಈ ಪ್ರತಿರೋಧಕಗಳು ಎರಡೆರಡು ಅಣು ಜೋಡಿಯಾಗಿ ನಿಲ್ಲುತ್ತವೆ, ಆ ಜೋಡಿ ಎಸ್‌ಡಿಎಸ್‌ಗೂ ಸುಲಭವಾಗಿ ಬಗ್ಗುವುದಿಲ್ಲ. ಜೊತೆಗೆ ಮೈತುಂಬ ಡೈಸಲ್ಫೈಡ್ (ಗಂಧಕದ) ಕೊಂಡಿಗಳು. ಹಳೇ ಮರ್‌ಕ್ಯಾಪ್ಟೋಎಥೆನಾಲ್ ಹಾಕಿ ಬಿಸಿ ಮಾಡಿದರೆ ಅವು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಆ ಕೊಂಡಿ ಮುರಿಯುವ ಡಿಟಿಟಿಯನ್ನು ಹೊಸದಾಗಿ ಹಾಕಿ ನೋಡಿ. ಮಾಮೂಲಿ ಲೆಮ್ಲಿ ಜೆಲ್ 10 ಕಿಲೋಡಾಲ್ಟನ್‌ಗಿಂತ ಕೆಳಗಿನದನ್ನು ಬೇರ್ಪಡಿಸುವುದರಲ್ಲಿ ದುರ್ಬಲ. 1987ರಲ್ಲಿ ಶೆಗರ್ ಮತ್ತು ಫಾನ್ ಯಾಗೋ ಕೊಟ್ಟ ಟ್ರೈಸಿನ್ ಜೆಲ್ ಇದಕ್ಕೆಂದೇ ಇದೆ. ಚಿಕ್ಕ ಪ್ರೋಟೀನ್ ಬಣ್ಣ ಹಾಕುವಾಗ ಜೆಲ್‌ನಿಂದ ತೊಳೆದುಹೋಗುತ್ತದೆ, ಮೊದಲು 12% ಟಿಸಿಎಯಲ್ಲಿ ಅರ್ಧ ಗಂಟೆ ಕಟ್ಟಿಹಾಕಿ. ಕೊನೆಯ ತೀರ್ಪು ಮಾಸ್ ಸ್ಪೆಕ್ಟ್ರೋಮೀಟರಿನದು.

ನೀವು ಕೇಳದ ಇನ್ನೊಂದು ವಿಷಯ. ಸಾರ ತೆಗೆಯುವ ಬಫರ್‌ಗೆ ಅಭ್ಯಾಸಬಲದಿಂದ ಪಿಎಂಎಸ್‌ಎಫ್ ಹಾಕುವವರಿದ್ದಾರೆ. ಅದು ಟ್ರಿಪ್ಸಿನ್‌ನನ್ನೇ ಕೊಲ್ಲುವ ರಾಸಾಯನಿಕ. ಉಳಿದ ಪಿಎಂಎಸ್‌ಎಫ್ ಪರೀಕ್ಷೆಯ ಕೊಳವೆಗೆ ಹೋದರೆ, ಹುರುಳಿಯೇ ಇಲ್ಲದ ಬಫರ್ ಕೂಡ ‘ಪ್ರತಿರೋಧಕ’ ಎನಿಸಿಕೊಳ್ಳುತ್ತದೆ. ಬರೀ ಬಫರ್ ಹಾಕಿದ ಕೊಳವೆಯೊಂದನ್ನು ಎಂದೂ ಬಿಡಬೇಡಿ.

ಬಾಪ್ನಾ (ಟ್ರಿಪ್ಸಿನ್ ಕತ್ತರಿಸಿದಾಗ ಹಳದಿ ಬಣ್ಣ ಬಿಡುವ ರಾಸಾಯನಿಕ) ಪರೀಕ್ಷೆ ಮಾಡುವಾಗ 40 ಮಿ.ಗ್ರಾಂ. ಬಾಪ್ನಾವನ್ನು 1 ಮಿ.ಲೀ. ಡಿಎಂಎಸ್‌ಒದಲ್ಲಿ ಕರಗಿಸಿ, 37 ಡಿಗ್ರಿಗೆ ಬೆಚ್ಚಗಾದ ಪಿಎಚ್ 8.2ರ ಟ್ರಿಸ್ ಬಫರ್‌ನಿಂದ 100 ಮಿ.ಲೀ. ಮಾಡಿ. ತಣ್ಣನೆಯ ಬಫರ್ ಹಾಕಿದರೆ ಬಿಳಿ ಗಸಿಯಾಗಿ ಇಳಿಯುತ್ತದೆ. ಅದೇ ದಿನ, ಬೆಚ್ಚಗಿಟ್ಟುಕೊಂಡೇ ಬಳಸಿ. 10 ನಿಮಿಷಕ್ಕೆ 30% ಅಸಿಟಿಕ್ ಆಮ್ಲದಿಂದ ನಿಲ್ಲಿಸಿ 410 ನ್ಯಾನೋಮೀಟರಿನಲ್ಲಿ ಓದಿ. ಲೆಕ್ಕಕ್ಕೆ 40ರಿಂದ 60% ತಡೆ ಬಂದ ಕೊಳವೆಗಳನ್ನು ಮಾತ್ರ ತೆಗೆದುಕೊಳ್ಳಿ. 95% ತಡೆದ ಕೊಳವೆಯಲ್ಲಿ ಎಷ್ಟು ಪ್ರತಿರೋಧಕ ಹೆಚ್ಚಾಗಿ ಉಳಿದಿದೆಯೋ ತಿಳಿಯುವುದಿಲ್ಲ.

ಎಸ್‌ಡಿಎಸ್ ಜೆಲ್ ಕೆಲವೊಮ್ಮೆ ಹೆಪ್ಪುಗಟ್ಟುವುದೇ ಇಲ್ಲ. ಕಟ್ಟಿದರೆ ಬ್ಯಾಂಡ್‌ಗಳು ಅಂಚಿನಲ್ಲಿ ಬಾಗುತ್ತವೆ. ಇತ್ತೀಚೆಗೆ ಎಲ್ಲ ಲೇನ್‌ಗಳಲ್ಲೂ 60 ಕಿಲೋಡಾಲ್ಟನ್ ಹತ್ತಿರ ಮಂಕಾದ ಗೆರೆಗಳು ಬರುತ್ತಿವೆ.
— ಪ್ರಯೋಗಾಲಯ ಸಹಾಯಕ, ಶ್ರೀರಂಗಪಟ್ಟಣ

12%ನ 10 ಮಿ.ಲೀ. ಜೆಲ್‌ಗೆ: ನೀರು 3.3, 30% ಅಕ್ರಿಲಮೈಡ್ 4.0, 1.5 ಮೋಲಾರ್ ಟ್ರಿಸ್ (ಪಿಎಚ್ 8.8) 2.5, 10% ಎಸ್‌ಡಿಎಸ್ 0.1, 10% ಎಪಿಎಸ್ (ಅಮೋನಿಯಂ ಪರ್‌ಸಲ್ಫೇಟ್) 0.1 ಮಿ.ಲೀ., ಕೊನೆಗೆ ಟೆಮೆಡ್ 4 ಮೈಕ್ರೋಲೀಟರ್. ಕಟ್ಟದಿದ್ದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಎಪಿಎಸ್‌ನದು. ಪುಡಿಗೆ ನೀರು ಬಿದ್ದಾಗ ಚಟಚಟ ಸದ್ದು ಬರಬೇಕು. ಸದ್ದಿಲ್ಲದಿದ್ದರೆ ಪುಡಿ ತೇವ ಹಿಡಿದಿದೆ, ಬಿಸಾಡಿ. ಜೆಲ್ ಮೇಲೆ ಐಸೊಪ್ರೊಪೆನಾಲ್ ಪದರ ಹಾಕಿ ಗಾಳಿ ತಪ್ಪಿಸಿ. ಡಿಸೆಂಬರ್, ಜನವರಿ ಬೆಳಿಗ್ಗೆ ಮೈಸೂರಿನಲ್ಲೂ ಎಸ್‌ಡಿಎಸ್ ಬಾಟಲಿಯೊಳಗೆ ಬಿಳಿ ಹರಳು ಕಾಣುತ್ತದೆ. ಅದನ್ನು ಹಾಗೇ ಪಿಪೆಟ್ ಮಾಡಬೇಡಿ, 37 ಡಿಗ್ರಿ ನೀರಿನಲ್ಲಿಟ್ಟು ಕರಗಿಸಿ. ಕಟ್ಟದ ಅಕ್ರಿಲಮೈಡ್ ನರಗಳಿಗೆ ವಿಷ, ಕೈಗವಸು ಇಲ್ಲದೆ ಮುಟ್ಟಬೇಡಿ.

ಅಂಚು ಬಾಗುವುದು ಬಿಸಿಯಿಂದ. ಜೆಲ್‌ನ ನಡುಭಾಗ ಹೆಚ್ಚು ಕಾದು ಅಲ್ಲಿನ ಬ್ಯಾಂಡ್ ಮುಂದೋಡುತ್ತದೆ. ಸಣ್ಣ ಜೆಲ್‌ಗೆ ಮೇಲಿನ ಪದರದಲ್ಲಿ 80 ವೋಲ್ಟ್, ಕೆಳಗಿನದರಲ್ಲಿ 120 ವೋಲ್ಟ್ ಸಾಕು. ಒಂದೇ ಲೇನ್ ಅಗಲವಾಗಿ ಪಕ್ಕದವನ್ನು ಒತ್ತುತ್ತಿದ್ದರೆ ಆ ಮಾದರಿಯಲ್ಲಿ ಅಮೋನಿಯಂ ಸಲ್ಫೇಟ್ ಉಳಿದಿದೆ. ಪೊಟ್ಯಾಸಿಯಂ ಇದ್ದರೆ ಎಸ್‌ಡಿಎಸ್ ಜೊತೆ ಸೇರಿ ಬಿಳಿಯಾಗಿ ಇಳಿಯುತ್ತದೆ, ಸೋಡಿಯಂ ಬಫರ್‌ಗೆ ಬದಲಿಸಿ. ಮೇಲಿನಿಂದ ಗೆರೆ ಎಳೆದಂತೆ ಕಂಡರೆ ಮಾದರಿಯನ್ನು ಕುದಿಸಿದ ಮೇಲೆ 10,000 ಜಿಯಲ್ಲಿ 5 ನಿಮಿಷ ತಿರುಗಿಸಿ, ತಿಳಿಯನ್ನು ಮಾತ್ರ ಹಾಕಿ. 95 ಡಿಗ್ರಿಯ ಹೀಟ್ ಬ್ಲಾಕ್ ಇಲ್ಲದಿದ್ದರೆ ಕುದಿಯುವ ನೀರಿನ ಬೀಕರ್ ಸಾಕು. ಮೈಸೂರಿನ ಎತ್ತರದಲ್ಲಿ ನೀರು 97 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ.

60ರ ಹತ್ತಿರದ ಆ ಮಂಕು ಗೆರೆಗಳು ನಿಮ್ಮ ಚರ್ಮದ್ದು. ಕೆರಾಟಿನ್ 55ರಿಂದ 65ರ ನಡುವೆ ಬರುತ್ತದೆ. ಏನೂ ಹಾಕದೆ, ಬರೀ ಮಾದರಿ ಬಫರ್ ಬಿಟ್ಟ ಲೇನ್‌ನಲ್ಲೂ ಅದೇ ಗೆರೆ ಬಂದರೆ ಬಫರ್ ಬಾಟಲಿಯೇ ಕೆಟ್ಟಿದೆ. ಹೊಸದು ಮಾಡಿ, ಸಣ್ಣ ಕೊಳವೆಗಳಿಗೆ ಹಂಚಿಡಿ.

ಕರೆಂಟ್ ಹೋಗಿಬರುವ ಊರಿನಲ್ಲಿ ಪ್ರೋಟೀನ್ ಹೇಗೆ ಕಾಪಾಡುವುದು?
— ಅಧ್ಯಾಪಕ, ಮಳವಳ್ಳಿ

ಕರಗಿ ಮತ್ತೆ ಹೆಪ್ಪುಗಟ್ಟುವುದು ಪ್ರೋಟೀನಿಗೆ ದೊಡ್ಡ ಶತ್ರು. 50% ಗ್ಲಿಸರಾಲ್ ಹಾಕಿದರೆ ಮೈನಸ್ 20ರಲ್ಲೂ ದ್ರವವಾಗಿಯೇ ಇರುತ್ತದೆ, ಕರಗುವ ಮಾತೇ ಇಲ್ಲ. ಅದೂ ಬೇಡವೆಂದರೆ ಅಮೋನಿಯಂ ಸಲ್ಫೇಟ್‌ನಲ್ಲಿ ಇಳಿಸಿದ ಮುದ್ದೆಯನ್ನು ಹಾಗೇ 4 ಡಿಗ್ರಿಯಲ್ಲಿಡಿ. ಬಹಳಷ್ಟು ಕಿಣ್ವಗಳು ಹಾಗೆ ತಿಂಗಳುಗಟ್ಟಲೆ ಚೆನ್ನಾಗಿರುತ್ತವೆ. ಹೆಪ್ಪುಗಟ್ಟಿಸಲೇಬೇಕಿದ್ದರೆ ಸೋಡಿಯಂ ಫಾಸ್ಫೇಟ್ ಬಫರ್ ಬೇಡ. ಹೆಪ್ಪುಗಟ್ಟುವಾಗ ಅದರ ಡೈಸೋಡಿಯಂ ಲವಣ ಮೊದಲು ಹರಳಾಗಿ, ಉಳಿದ ದ್ರವದ ಪಿಎಚ್ 7ರಿಂದ 4ರ ಹತ್ತಿರಕ್ಕೆ ಕುಸಿಯುತ್ತದೆ. ಮನೆಯಲ್ಲಿ ಬಳಸುವ ‘ಫ್ರಾಸ್ಟ್ ಫ್ರೀ’ ಫ್ರೀಜರ್ ಕೂಡ ಬೇಡ, ಮಂಜು ಕಟ್ಟದಿರಲೆಂದು ಅದು ಆಗಾಗ ತಾನೇ ಬಿಸಿಯಾಗುತ್ತದೆ.

ರಜೆಯಲ್ಲಿ ಕರೆಂಟ್ ಹೋಗಿತ್ತೇ ಎಂದು ತಿಳಿಯಲು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ಹಿಂತಿರುಗಿದಾಗ ನಾಣ್ಯ ತಳದಲ್ಲಿದ್ದರೆ ಒಳಗಿನದೆಲ್ಲ ಒಮ್ಮೆ ಕರಗಿದೆ.

ಆಲ್ಫಾಫೋಲ್ಡ್ ಬಂದ ಮೇಲೆ ಈ ಜೆಲ್, ಕಾಲಮ್ ಎಲ್ಲ ಇನ್ನೂ ಬೇಕೇ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಮಂಡ್ಯ

ಬೇಕು. ಅಮೈನೋ ಆಮ್ಲಗಳ ಸರಣಿಯಿಂದ ಪ್ರೋಟೀನಿನ ಆಕಾರ ಊಹಿಸುವ ಆ ಕಂಪ್ಯೂಟರ್ ಕೆಲಸಕ್ಕೆ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಸರಿಯೇ. ಊಹೆಯ ಜೊತೆ ಬರುವ ವಿಶ್ವಾಸಾಂಕ ನೋಡುವುದನ್ನು ಕಲಿಯಿರಿ: 90ಕ್ಕಿಂತ ಮೇಲಿದ್ದರೆ ಭದ್ರ, 50ಕ್ಕಿಂತ ಕೆಳಗಿನ ಭಾಗವನ್ನು ಚಿತ್ರದಲ್ಲಿ ಇಲ್ಲವೆಂದೇ ತಿಳಿಯಿರಿ. ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದ್ರಾಸಿನಿಂದ ಪ್ರಕಟಿಸಿದ, ಪ್ರೋಟೀನ್ ಸರಪಳಿ ತಿರುಗಬಲ್ಲ ಕೋನಗಳ ನಕ್ಷೆಯಲ್ಲಿ ಆ ಮಾದರಿಯನ್ನು ಇಟ್ಟು ನೋಡುವುದೂ ಒಳ್ಳೆಯ ಅಭ್ಯಾಸ. ಆದರೆ ನಿಮ್ಮ ಕೊಳವೆಯಲ್ಲಿರುವ ಪ್ರೋಟೀನ್ ಎಷ್ಟು, ಎಷ್ಟು ಶುದ್ಧ, ಇನ್ನೂ ಜೀವಂತವೇ ಎಂಬುದು ಕಂಪ್ಯೂಟರಿಗೆ ತಿಳಿಯದು.

ಟ್ರಿಸ್ ಬಫರ್‌ನ ಪಿಎಚ್ ಅನ್ನು ಕೋಣೆಯಲ್ಲಿ 8.0ಕ್ಕೆ ಹೊಂದಿಸಿ ಕೋಲ್ಡ್ ರೂಮಿಗೆ ಒಯ್ದೆ. ಮತ್ತೆ ಅಳೆದರೆ 8.6. ಮೀಟರ್ ಕೆಟ್ಟಿದೆಯೇ?
— ಸಂಶೋಧನಾ ವಿದ್ಯಾರ್ಥಿ, ಮೈಸೂರು

ಮೀಟರ್ ಸರಿಯಿದೆ. ಟ್ರಿಸ್‌ನ ಪಿಎಚ್ ಪ್ರತಿ ಡಿಗ್ರಿ ತಣಿದಾಗ 0.028ರಷ್ಟು ಏರುತ್ತದೆ. 25ರಿಂದ 4ಕ್ಕೆ ಇಳಿದರೆ ಸುಮಾರು 0.6. ಬಳಸುವ ಉಷ್ಣತೆಯಲ್ಲೇ ಪಿಎಚ್ ಹೊಂದಿಸಿ, ಮೀಟರನ್ನೂ ಅದೇ ಉಷ್ಣತೆಯ ಸ್ಟ್ಯಾಂಡರ್ಡ್ ದ್ರಾವಣದಿಂದ ಸರಿಪಡಿಸಿಕೊಳ್ಳಿ.